ಎರಡು ದಿನದ ಬಾಡಿಗೆ ಪಿಚ್ಚರ್

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಕಟ್ಟೆಮಳಲವಾಡಿಯ ಮನೆಯಲ್ಲಿ ನಾನು, ದೊಡ್ಡ ಸೊಸೆ, ಅವಳ ಮಗಳು, ಮೂರೇ ಜನ. ದೊಡ್ಡ ಮಗ ತೀರಿಕೊಂಡು ಬಹಳ ವರ್ಷವಾಗಿತ್ತು. ಚಿಕ್ಕವನು ಹೆಂಡತಿ ಜೊತೆ ಹುಣಸೂರಿನಲ್ಲಿದ್ದ.

ಮೊಮ್ಮಗಳು ಫೋನಿನಲ್ಲಿ ದುಡ್ಡು ಕಟ್ಟಿ ಟೀವಿಗೆ ಪಿಚ್ಚರ್ ಬಾಡಿಗೆಗೆ ತರಿಸುತ್ತಿದ್ದಳು. ಹೊಡೆದಾಟ ಕುಣಿತದ್ದಲ್ಲ. ಜಾತಿ, ಕುಡಿತ, ಹೆಣ್ಣುಮಕ್ಕಳ ಓದು, ಇಂಥವು. ಒಂದು ಸಲ ಹಾಕಿದರೆ ಎರಡು ದಿನ ಇರುತ್ತದೆ, ಆಮೇಲೆ ತಾನೇ ಮಾಯ. ನನಗೆ ಬಾಡಿಗೆ ಎಂದರೆ ಪಾತ್ರೆ, ಶಾಮಿಯಾನ. ತಂದ ಹಂಡೆಯಲ್ಲಿ ಒಂದೇ ಹೊತ್ತು ಬೇಯಿಸಿ ಬೋರಲು ಹಾಕುತ್ತೇವೆಯೇ? ಅದಕ್ಕೇ ಪ್ರತಿ ಪಿಚ್ಚರನ್ನೂ ಎರಡು ಸಲ ಹಾಕಿಸುತ್ತಿದ್ದೆ. ಮೊದಲ ದಿನ ಕಥೆಗೆ, ಎರಡನೆಯ ದಿನ ಬೈಯುವುದಕ್ಕೆ. ಅವರಿಬ್ಬರಿಗೂ ಬೈಯುವ ದಿನವೇ ಹೆಚ್ಚು ಇಷ್ಟ.

ಆ ವರ್ಷ ಮೊಮ್ಮಗಳ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಗಂಡನಿಲ್ಲದವಳು ಮಗಳಿಗೆ ಧಾರೆ ಎರೆಯುವುದಿಲ್ಲ. ಚಿಕ್ಕ ಮಗ, ಚಿಕ್ಕ ಸೊಸೆ ಎರೆಯಲಿ ಎಂದು ಮಾತಾಗಿತ್ತು. ಯಾರೂ ಎದುರಾಡಲಿಲ್ಲ. ಮೊಮ್ಮಗಳು ಮಾತ್ರ ಒಂದು ಪಿಚ್ಚರ್ ತರಿಸಿದಳು. ಅದರಲ್ಲೂ ಒಬ್ಬ ಗಂಡ ಸತ್ತವಳು, ಅವಳ ಮಗಳಿಗೆ ಮದುವೆ. ನನಗೆಂದೇ ಹಾಕಿದ್ದು ಎಂದು ಗೊತ್ತಾಯಿತು. ಮೊದಲ ದಿನ ಸುಮ್ಮನೆ ಅವರೆಕಾಯಿ ಸುಲಿದೆ.

ಎರಡನೆಯ ದಿನ ಮಧ್ಯಾಹ್ನ ಮತ್ತೆ ಹಾಕಿದಳು. ಛತ್ರದಲ್ಲಿ ಓಲಗ ಊದುತ್ತಿದ್ದರು, ಆ ತಾಯಿ ಅಡುಗೆಮನೆಯ ಮೂಲೆಯಲ್ಲಿ ನಿಂತು ಅಳುತ್ತಿದ್ದಳು.

“ಎದುರ್ಗೆ ಓಗಿ ನಿಂತ್ಕೊಳ್ಳೇ, ಕಾಲಿಲ್ವಾ ನಿಂಗೆ?” ಎಂದು ಟೀವಿಗೆ ಬೈದೆ.

ಮೊಮ್ಮಗಳು ಕಿಸಕ್ಕನೆ ನಕ್ಕಳು. “ಅವ್ಳಿಗೆ ಏಳ್ತೀಯಲ್ಲಜ್ಜಿ, ಮನೇಲಿರೋಳ್ಗೆ ಏಳು ನೋಡನ.”

“ಮುಚ್ಚೇ ಬಾಯಿ,” ಎಂದು ಸೊಸೆ ಮಗಳನ್ನು ಗದರಿದಳು. ಆಮೇಲೆ ಅವರೆಕಾಯಿ ಬಿಡಿಸುತ್ತಲೇ ನನಗೆ ಹೇಳಿದಳು: “ಆ ಪಿಚ್ಚರ್‌ನವ್ಳಿಗೆ ಬುದ್ದಿ ಇಲ್ಲ ಕಣತ್ತೆ. ಅಳ್ತಾ ನಿಂತ್ರೆ ಎಲ್ರೂ ನೋಡ್ತಾರೆ. ಉಗ್ರಾಣ ಇಸ್ಕೊಂಬುಡ್ಬೇಕು. ಒಳ್ಗೆ ಅಕ್ಕಿ ಬೆಲ್ಲ ಅಳೆದ್ಕೊಡ್ತಾ ಇದ್ರೆ, ಧಾರೆಗೆ ಯಾಕೆ ಬರ್ನಿಲ್ಲ ಅಂತ ಯಾರೂ ಕೇಳಾಕಿಲ್ಲ. ಉಗ್ರಾಣದ ಬೀಗದ ಕೈ ನಂಗೇ ಕೊಡು ಅಂತ ಮೈದನಂಗೆ ಆಗ್ಲೇ ಏಳಿವ್ನಿ.”

ಮೊಮ್ಮಗಳ ನಗು ನಿಂತಿತು. ಇದನ್ನು ಸೊಸೆ ಎಷ್ಟು ದಿನದಿಂದ ಯೋಚಿಸಿಟ್ಟುಕೊಂಡಿದ್ದಳೋ.

“ಆರಿಸೇ ಟೀವಿ,” ಎಂದೆ.

“ಇನ್ನೂ ಅರ್ಧ ಅದೆ ಕಣಜ್ಜಿ! ಬಾಡಿಗೆ ದಂಡ ಆಯ್ತದೆ.”

“ಆಗ್ಲಿ ಬುಡು.”

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹುಣಸೂರಿಗೆ ಹೋದೆ. ಚಿಕ್ಕ ಸೊಸೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಳು. “ಧಾರೆ ದೊಡ್ಡೋಳೇ ಎರೀತಾಳೆ ಕಣೇ. ಉಗ್ರಾಣ ನೀನು ನೋಡ್ಕೊ,” ಎಂದೆ. ಅವಳ ಬಾಯಿ ತುಂಬ ನೊರೆ, ಕಣ್ಣು ಮಾತ್ರ ಬಿಟ್ಟಳು. ಅವಳು ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟಿದ್ದೆ.