ಪಕ್ಕೆ ಹಿಡಿದ ಓಟ

ಕಳೆದ ಗುರುವಾರ ಬೆಳಗ್ಗೆ ಸದಾಶಿವನಗರದ ನಮ್ಮ ಪಾರ್ಕಿನಲ್ಲಿ ನಾಲ್ಕನೆಯ ಸುತ್ತು ಓಡುತ್ತಿದ್ದಾಗ ಬಲಪಕ್ಕೆಯಲ್ಲಿ, ಪಕ್ಕೆಲುಬು ಮುಗಿಯುವ ಜಾಗದಲ್ಲಿ, ಯಾರೋ ಒಳಗಿಂದ ಚಿವುಟಿದ ಹಾಗಾಯಿತು. ಓಟ ಎಂದರೆ ನೀವು ದೊಡ್ಡದಾಗಿ ಏನೂ ಕಲ್ಪಿಸಿಕೊಳ್ಳಬೇಡಿ. ಐವತ್ತೈದರ ಹೆಂಗಸು ಚೂಡಿದಾರದ ಮೇಲೆ ಸ್ವೆಟರ್ ಹಾಕಿಕೊಂಡು, ವಾಕಿಂಗ್ ಬಂದವರಿಗಿಂತ ಒಂದಿಷ್ಟು ಬೇಗ ಹೋಗುವುದು, ಅಷ್ಟೆ. ನಿಂತು, ಸೊಂಟ ಬಗ್ಗಿಸಿ, ಪಕ್ಕೆ ಅದುಮಿಕೊಂಡೆ. ಬೆಂಚಿನ ಮೇಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಗಾಬರಿಯಿಂದ "ಏನಮ್ಮಾ, ಹಾರ್ಟಾ?" ಎಂದು ಕೇಳಿದರು. "ಇಲ್ಲ ಸಾರ್, ಉಪ್ಪಿಟ್ಟು" ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನಗೆ ಮಾತ್ರ ಆ ನೋವಿನಲ್ಲೂ ನಗು ಬಂತು. ಏಕೆಂದರೆ ಈ ನೋವು ನನಗೆ ಹಳೆಯ ಪರಿಚಯ. ಪರಿಚಯ ಮಾಡಿಸಿದವಳು ರುದ್ರಕ್ಕ.

ಹದಿನಾಲ್ಕು ವರ್ಷದ ಹಿಂದಿನ ಮಾತು. ನಾನಾಗ ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕ್ಲರ್ಕು. ದಿನಾ ತುಮಕೂರಿನಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಸಂಜೆ ಗುಬ್ಬಿ ಸ್ಟೇಷನ್ನಿನಲ್ಲಿ ರೈಲು ಹಿಡಿಯಲು ಓಡುತ್ತಿದ್ದ ನೂರು ಹೆಜ್ಜೆಯೇ ನನ್ನ ಜೀವನದ ಒಟ್ಟು ವ್ಯಾಯಾಮ. ರುದ್ರಕ್ಕ ಅದೇ ಕಚೇರಿಯಲ್ಲಿ ಅಟೆಂಡರ್. ಕುಣಿಗಲ್ ಕಡೆಯವಳು, ನನಗಿಂತ ಐದು ವರ್ಷ ದೊಡ್ಡವಳು, ಸಣ್ಣಗೆ ಉದ್ದಕ್ಕೆ ಇದ್ದಳು. ಆಫೀಸಿನವರೆಲ್ಲ ಅವಳನ್ನು ಕಂಡಿದ್ದು ಕಾಫಿ ತಟ್ಟೆಯ ಹಿಂದೆ, ಇಲ್ಲವೇ ಫೈಲುಗಳ ಹಿಂದೆ. ಅವಳ ಕಾಲನ್ನು ಯಾರೂ ಗಮನಿಸಿರಲಿಲ್ಲ.

ನಾನು ಗಮನಿಸಿದ್ದೂ ನನ್ನ ಮರೆವಿನಿಂದಲೇ. ಒಂದು ಸಂಜೆ ಊಟದ ಡಬ್ಬಿಯನ್ನು ಟೇಬಲ್ಲಿನ ಮೇಲೇ ಬಿಟ್ಟು ಬಂದಿದ್ದೆ. ರೈಲು ಹೊರಟಿತು. ಬಾಗಿಲ ಹತ್ತಿರ ನಿಂತಿದ್ದೆ. ನೋಡಿದರೆ ಪ್ಲಾಟ್‌ಫಾರಂ ಮೇಲೆ ರುದ್ರಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಡಬ್ಬಿ ಹಿಡಿದು, ರೈಲಿನ ಪಕ್ಕದಲ್ಲೇ ಓಡುತ್ತಿದ್ದಾಳೆ. ಆಫೀಸಿನಿಂದಲೇ ಓಡಿ ಬಂದಿದ್ದಳಂತೆ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ನಾಳೆ ಬತ್ತೀರಲ್ಲ ಮೇಡಂ, ಅಡ್ವಾನ್ಸ್ ಬಿಲ್ಲಿಗೆ ಸೈನ್ ಬಾಕಿ ಐತೆ" ಅಂದಳು. ಅಷ್ಟು ದೂರ ಓಡಿ ಬಂದವಳ ಮಾತಿನಲ್ಲಿ ಏದುಸಿರೇ ಇರಲಿಲ್ಲ.

ಮುಂದಿನ ತಿಂಗಳು ನೌಕರರ ಕ್ರೀಡಾಕೂಟದ ಸುತ್ತೋಲೆ ಬಂತು. ನಲವತ್ತು ದಾಟಿದ ಮಹಿಳೆಯರಿಗೆ ಎಂಟುನೂರು ಮೀಟರ್ ಓಟ. ಸುತ್ತೋಲೆ ನೋಡಿದವರೆಲ್ಲ ನಕ್ಕು ಪಕ್ಕದ ಟೇಬಲ್ಲಿಗೆ ದಾಟಿಸಿದರು. ನಾನು ರುದ್ರಕ್ಕನನ್ನು ಕರೆದು ಅವಳ ಹೆಸರು ಬರೆಯಲೇ ಎಂದು ಕೇಳಿದೆ. ಅವಳು ಸುತ್ತೋಲೆಯನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದಳು.

"ನೀವೂ ಬರ್ಕೊಂಡ್ರೆ ನಾನೂ ಬತ್ತೀನಿ ಮೇಡಂ. ಒಬ್ಳೇ ಓಡಿದ್ರೆ ಹುಚ್ಚಿ ಅಂತಾರೆ. ಇಬ್ರು ಓಡಿದ್ರೆ ಪ್ರಾಕ್ಟೀಸು ಅಂತಾರೆ."

ಇಬ್ಬರ ಹೆಸರನ್ನೂ ಬರೆದುಬಿಟ್ಟೆ. ಶಾಲೆಯಲ್ಲಿ ಲೆಮನ್ ಅಂಡ್ ಸ್ಪೂನ್ ಬಿಟ್ಟು ಬೇರೆ ಯಾವುದಕ್ಕೂ ಸೇರದಿದ್ದವಳು ನಾನು. ಅದರಲ್ಲೂ ನಿಂಬೆಹಣ್ಣು ಮೊದಲೇ ಬಿದ್ದಿತ್ತು.

ಮಾರನೆಯ ದಿನದಿಂದ ಒಂದು ರೈಲು ಮುಂಚೆ ಹೊರಟೆ. ಗುಬ್ಬಿಯಲ್ಲಿ ಇಳಿದಾಗ, ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಹಬೆಯಾಡುತ್ತಾ ಇಳಿಯುವ ಹೊತ್ತು. ಓಡಬೇಕಾದವಳಿಗೆ ಶಕ್ತಿ ಬೇಡವೇ ಎಂದುಕೊಂಡು ಎರಡು ಇಡ್ಲಿ, ಮೇಲೆ ಬೆಣ್ಣೆ, ಜೊತೆಗೊಂದು ವಡೆ ತಿಂದು, ಒಂದು ದೊಡ್ಡ ಲೋಟ ನೀರು ಕುಡಿದು ಕಾಲೇಜು ಮೈದಾನಕ್ಕೆ ಹೋದೆ. ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಪಕ್ಕೆ ಹಿಡಿಯಿತು. ನಿಂತರೆ ನೋವೂ ನಿಲ್ಲುತ್ತದೆ ಎಂದುಕೊಂಡರೆ, ಅದು ಪಕ್ಕೆ ಬಿಟ್ಟು ಹೊಟ್ಟೆಗೆ ಇಳಿಯಿತು. ಒದ್ದೆ ಬಟ್ಟೆ ಹಿಂಡುತ್ತಾರಲ್ಲ, ಹಾಗೆ ಹಿಂಡಿ, ಸಡಿಲಿಸಿ, ಮತ್ತೆ ಹಿಂಡಿತು. ಮಧ್ಯಾಹ್ನದವರೆಗೆ ಟೇಬಲ್ಲಿಗೆ ಹೊಟ್ಟೆ ಒತ್ತಿಕೊಂಡೇ ಫೈಲು ನೋಡಿದೆ. ಅವತ್ತು ನನ್ನ ಬಳಿ ಬಂದವರಿಗೆಲ್ಲ ಕೆಲಸ ಬೇಗ ಆಯಿತು. ವಾದ ಮಾಡುವ ಶಕ್ತಿ ನನಗಿರಲಿಲ್ಲ.

ಮನೆಗೆ ಬಂದಾಗ ನಮ್ಮ ಅತ್ತೆ ನನ್ನ ನಡಿಗೆ ನೋಡಿಯೇ ರೋಗ ಕಂಡುಹಿಡಿದರು. "ಹೊಕ್ಳು ಜಾರೈತೆ. ಮಲಿಕ್ಕೊ" ಎಂದರು. ಹೊಟ್ಟೆಯ ಮೇಲೆ ಪುಟ್ಟ ಹಣತೆ ಹಚ್ಚಿಟ್ಟು, ಅದರ ಮೇಲೆ ತಾಮ್ರದ ಚೊಂಬು ಕವುಚಿದರು. ದೀಪ ಆರಿ ಚೊಂಬು ಹೊಟ್ಟೆಗೆ ಕಚ್ಚಿಕೊಂಡಿತು. ಅಷ್ಟರಲ್ಲಿ ಹಿರೇಹಳ್ಳಿಯ ವರ್ಕ್‌ಶಾಪಿನಿಂದ ಬಂದ ನನ್ನ ಗಂಡ, ಹೆಂಡತಿಯ ಹೊಟ್ಟೆಯ ಮೇಲೆ ಚೊಂಬು ನಿಂತಿರುವುದನ್ನು ನೋಡಿ, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತರು. "ಏನೇ ಇದು, ಓಟದ ಕಪ್ಪು ಈಗ್ಲೇ ಕೊಟ್ಬಿಟ್ರಾ?" ಎಂದರು. ನಗಬಾರದು, ನಕ್ಕರೆ ಚೊಂಬು ಅಲುಗುತ್ತದೆ. ಆದರೂ ನಕ್ಕೆ. ಅತ್ತೆಯೂ ನಕ್ಕರು. ಚೊಂಬು ಕಿತ್ತಾಗ ಉಳಿದ ಕೆಂಪು ಬಳೆ ನಾಲ್ಕು ದಿನ ಹೋಗಲಿಲ್ಲ. ನೋವು ಮಾತ್ರ ಮಾರನೆಯ ದಿನ ಓಡಿದ ಕೂಡಲೇ ವಾಪಸು ಬಂತು.

ಕೊನೆಗೆ ರುದ್ರಕ್ಕನೇ ನನ್ನನ್ನು ಗುಬ್ಬಿಯ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಬೆಳಗ್ಗೆ ಏನು ತಿಂದಿರಿ ಎಂದರು. ಹೇಳಿದೆ. ಬೆಣ್ಣೆಯವರೆಗೆ ಸುಮ್ಮನಿದ್ದವರು ವಡೆ ಬಂದಾಗ ಪೆನ್ನು ಕೆಳಗಿಟ್ಟರು.

"ನೀವು ಓಡುವಾಗ ರಕ್ತ ಕಾಲಿಗೆ ಹೋಗ್ಬೇಕು. ಇಡ್ಲಿ ಅರಗಿಸೋಕೆ ಹೊಟ್ಟೆಗೂ ಹೋಗ್ಬೇಕು. ನಿಮ್ಮ ಆಫೀಸಲ್ಲಿ ಒಬ್ರಿಗೇ ಎರಡು ಸೀಟಿನ ಇನ್‌ಚಾರ್ಜ್ ಕೊಟ್ರೆ ಏನಾಗುತ್ತೆ?"

"ಎರಡೂ ಆಗಲ್ಲ ಮೇಡಂ."

"ಅದೇ ಆಗಿರೋದು."

ಊಟಕ್ಕೂ ಓಟಕ್ಕೂ ನಡುವೆ ಎರಡು ಮೂರು ಗಂಟೆ ಬಿಡಿ, ನೀರನ್ನು ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಿರಿ, ಹಿಡಿದುಕೊಂಡರೆ ನಿಧಾನಿಸಿ ಉಸಿರನ್ನು ಉದ್ದಕ್ಕೆ ಬಿಡಿ, ನಿಂತ ಮೇಲೂ ನೋವು ಬಿಡದೆ ಹೋದರೆ ಬನ್ನಿ ಎಂದರು. ಮಾತ್ರೆ ಬರೆಯಲೇ ಇಲ್ಲ. ಈ ಬುದ್ಧಿವಾದವನ್ನು ರುದ್ರಕ್ಕ ನನಗಿಂತ ಗಮನ ಕೊಟ್ಟು ಕೇಳಿದಳು. ಹೊರಗೆ ಬಂದ ಮೇಲೆ, "ಅಂದ್ರೆ ಇದು ಕಾಯ್ಲೆ ಅಲ್ವಾ ಮೇಡಂ?" ಎಂದು ಎರಡು ಸಲ ಕೇಳಿದಳು. ಹೊಟ್ಟೆ ನೋಯುತ್ತಿದ್ದುದು ನನಗೆ, ಇವಳಿಗೇಕೆ ಇಷ್ಟು ಕಾಳಜಿ ಎಂದು ಆಗ ನನಗೆ ಹೊಳೆಯಲಿಲ್ಲ.

ಒಂದೂವರೆ ತಿಂಗಳು ಓಡಿದೆವು. ಆಫೀಸಿನಲ್ಲಿ "ಮೇಡಂ, ಬನ್ನಿ" ಎನ್ನುತ್ತಿದ್ದವಳು ಮೈದಾನಕ್ಕೆ ಇಳಿದರೆ "ಕಾಲೆತ್ತವ್ವ, ನೆಲ ಸಾರಿಸ್ಬೇಡ" ಎನ್ನುತ್ತಿದ್ದಳು. ಹತ್ತೂವರೆಗೆ ಮತ್ತೆ ಬಹುವಚನ.

ಕೂಟ ತುಮಕೂರಿನ ಸ್ಟೇಡಿಯಂನಲ್ಲಿ. ಬೆಳಗ್ಗೆ ಮೊದಲ ಸುತ್ತಿನ ಓಟ, ಮಧ್ಯಾಹ್ನ ಫೈನಲ್. ನಾವಿಬ್ಬರೂ ಒಂದೇ ಗುಂಪಿನಲ್ಲಿ ಓಡಿದೆವು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಪಾಲಿಸಿದ್ದೆ, ಗಾಬರಿಯೊಂದನ್ನು ಬಿಟ್ಟು. ಮೈದಾನದ ಮೊದಲ ಸುತ್ತು ಅರ್ಧವಾಗುವಷ್ಟರಲ್ಲೇ ಪಕ್ಕೆ ಹಿಡಿಯಿತು. ಟ್ರ್ಯಾಕಿನ ಮೇಲೇ ಕುಕ್ಕರಿಸಿದೆ. ಅಷ್ಟರಲ್ಲಿ ರುದ್ರಕ್ಕ ಎರಡನೆಯ ಸುತ್ತಿನಲ್ಲಿ ಹಿಂದಿನಿಂದ ಬಂದಳು. ಗೆಳತಿ ನಿಂತು ಕೈಹಿಡಿದು ಎಬ್ಬಿಸುತ್ತಾಳೆ ಎಂದು ನನ್ನ ಮನಸ್ಸು ಆಗಲೇ ಒದ್ದೆಯಾಗಿತ್ತು.

"ಆಕಡೆ ಸರ್ಕೊಳವ್ವ, ದಾರಿಗಡ್ಡ ಕುಂತಿದೀಯ" ಎಂದು ಹೇಳಿ ದಾಟಿಹೋದಳು. ಮೊದಲನೆಯವಳಾಗಿ ಮುಟ್ಟಿದಳು.

ನಾನು ಚೇತರಿಸಿಕೊಂಡು ಅವಳನ್ನು ಹುಡುಕಿದರೆ ಎಲ್ಲೂ ಇಲ್ಲ. ಕಡೆಗೆ ವೇದಿಕೆಯ ಹಿಂದೆ, ಶಾಮಿಯಾನದ ಬಟ್ಟೆಯ ಮರೆಯಲ್ಲಿ ಸಿಕ್ಕಳು. ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುದುಡಿ ಮಲಗಿದ್ದಳು. ವಾಂತಿಯೂ ಆಗಿತ್ತು. ಓಟಕ್ಕೆ ಮುಂಚೆ ಯಾರೋ ಹಂಚಿದ ನಿಂಬೆ ಶರಬತ್ತನ್ನು ಬಾಯಾರಿಕೆಗೆ ಮೂರು ಲೋಟ ಕುಡಿದುಬಿಟ್ಟಿದ್ದಳು. ಡಾಕ್ಟರನ್ನು ಕರೆಯಲು ಎದ್ದೆ. ನನ್ನ ಸೆರಗು ಹಿಡಿದುಕೊಂಡಳು.

"ಯಾರ್ಗೂ ಹೇಳ್ಬ್ಯಾಡ. ಕಂಡ್ರೆ ಓಡೋಕ್ ಬುಡಲ್ಲ."

ಆಗ ಹೇಳಿದಳು. ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಕುಣಿಗಲ್ಲಿನಲ್ಲಿ ತಾಲ್ಲೂಕಿಗೇ ಮೊದಲು ಬಂದಿದ್ದಳಂತೆ. ಓಟ ಮುಗಿದ ಮೇಲೆ ಹೀಗೇ ಹೊಟ್ಟೆ ಹಿಡಿದುಕೊಂಡು ಬಿದ್ದಳು. ಅಪ್ಪ ನೋಡಿದರು. ಹೆಣ್ಣುಮಗು, ಒಳಗೆ ಏನಾದರೂ ಕಿತ್ತುಹೋಗಿ ನಾಳೆ ಮಕ್ಕಳಾಗದಿದ್ದರೆ ಏನು ಗತಿ ಎಂದು ಅಜ್ಜಿ ಅತ್ತರು. ಜಿಲ್ಲೆಯ ಓಟಕ್ಕೆ ಕಳಿಸಲಿಲ್ಲ. "ಮೂರ್ ಮಕ್ಳು ಹೆತ್ತೆ. ಏನೂ ಕಿತ್ತೋಗಿರ್ಲಿಲ್ಲ" ಎಂದಳು.

ಗುಟ್ಟು ಉಳಿಯಲಿಲ್ಲ. ಕೂಟದ ಉಸ್ತುವಾರಿ ನೋಡುತ್ತಿದ್ದ ಅಧಿಕಾರಿ ಬಂದರು, ನೋಡಿದರು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ? ರೆಸ್ಟ್ ತಗೊಳ್ಳಿ. ಹೆಸರು ಹೊಡೆದುಹಾಕ್ತೀನಿ." ಪಟ್ಟಿ ತೆಗೆದರು. ಪೆನ್ನನ್ನೂ ತೆಗೆದರು.

ಇಪ್ಪತ್ತು ವರ್ಷ ಸರ್ವಿಸಿನಲ್ಲಿ ನಾನು ಯಾವ ಮೇಲಧಿಕಾರಿಗೂ ಎದುರು ಮಾತಾಡಿದವಳಲ್ಲ. ಅವತ್ತು ಅವರ ಪಟ್ಟಿಯ ಮೇಲೆ ಅಂಗೈ ಇಟ್ಟೆ. ಆ ಕೈ ನನ್ನದೇ ಎಂದು ನಂಬಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು.

"ಸರ್, ಕೂಟಕ್ಕೆ ಬಂದಿರೋ ಡಾಕ್ಟರು ನೋಡ್ಲಿ. ಅವರು ಬೇಡ ಅಂದ್ರೆ ನಾನೇ ಹೊಡೆದುಹಾಕ್ತೀನಿ. ಇದು ಓಡಿದ್ದಕ್ಕೆ ಬಂದಿರೋ ನೋವು, ಕಾಯಿಲೆ ಅಲ್ಲ. ನನಗೂ ಬಂದಿದೆ, ನೋಡಿ."

ಸಾಕ್ಷಿಗೆ ನನ್ನ ಹೊಟ್ಟೆಯನ್ನೂ ಹಿಡಿದು ತೋರಿಸಿದೆ. ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. ಡಾಕ್ಟರು ಬಂದು ಪರೀಕ್ಷಿಸಿ, ನೆರಳಿನಲ್ಲಿ ಮಲಗಿಸಿ, ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿ, ಮೂರು ಗಂಟೆಗೆ ನೋವು ಪೂರ್ತಿ ಹೋಗಿದ್ದರೆ ಓಡಲಿ ಎಂದರು. ಒಂದು ಗಂಟೆಗೆ ಹೊಟ್ಟೆ ಹಿಡಿತ ಸಡಿಲವಾಯಿತು. ಎರಡಕ್ಕೆ ಎದ್ದು ಕೂತಳು. ಎರಡೂವರೆಗೆ ನನ್ನ ಡಬ್ಬಿಯ ಚಿತ್ರಾನ್ನದ ಕಡೆ ನೋಡಿದಳು. ನಾನು ಮುಚ್ಚಳ ಹಾಕಿ ಅದರ ಮೇಲೆ ಕೂತೆ.

ಫೈನಲ್ ಓಟವನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಕಂಬಿಯ ಈಚೆ ನಾನೂ ಅವಳ ಜೊತೆ ಓಡುತ್ತಿದ್ದೆ. ಕೊನೆಯ ತಿರುವಿನಲ್ಲಿ ಮೂರನೆಯವಳಿದ್ದಳು. ಆಮೇಲೆ ಎರಡನೆಯವಳಾದಳು. ಎರಡನೆಯವಳಾಗಿಯೇ ಮುಟ್ಟಿದಳು. ಮುಟ್ಟಿದ ಮೇಲೆ ಬೀಳಲಿಲ್ಲ, ಮರೆಗೂ ಹೋಗಲಿಲ್ಲ. ಎಲ್ಲರ ನಡುವೆ ಹುಲ್ಲಿನ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ನೋಯ್ತೈತೆ ಕಣವ್ವ, ಜೋರಾಗ್ ನೋಯ್ತೈತೆ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾ ನಗತೊಡಗಿದಳು. ನಾನೂ ಪಕ್ಕದಲ್ಲಿ ಮಲಗಿದೆ. ನಕ್ಕು ನಕ್ಕು, ಯಾವುದು ಓಟದ ನೋವು, ಯಾವುದು ನಗುವಿನದು ಎಂದು ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಒಂದು ವಾರ ಆಫೀಸಿನಲ್ಲಿ, ಮೊದಲು ಬಂದವಳು ಎರಡು ಹೆಜ್ಜೆ ಮುಂಚೆ ಹೊರಟಳೆಂದು ಸಿಕ್ಕವರಿಗೆಲ್ಲ ದೂರು ಹೇಳಿದಳು. ಆಮೇಲೆ ನನಗೆ ಬೇರೆ ಕಡೆಗೆ ವರ್ಗವಾಯಿತು. ಫೋನು ಹಬ್ಬಕ್ಕೊಂದು ಸಲಕ್ಕೆ ಇಳಿಯಿತು.

ಗುರುವಾರ ಪಾರ್ಕಿನಿಂದ ಮನೆಗೆ ಬಂದವಳೇ ಅವಳಿಗೆ ಫೋನು ಮಾಡಿದೆ. ರಿಟೈರಾಗಿ ಕುಣಿಗಲ್ಲಿನಲ್ಲೇ ಇದ್ದಾಳೆ. ನನ್ನ ಪಕ್ಕೆಯ ಕಥೆಯನ್ನು ಪೂರ್ತಿ ಕೇಳಲೇ ಇಲ್ಲ. "ಭಾನ್ವಾರ ಬಂದ್ಬುಡು. ಕೆರೆ ಏರಿ ಮ್ಯಾಲೆ ಓಡೋವ" ಎಂದಳು. ಹೋದೆ. ಬೆಳಗ್ಗೆ ಆರೂವರೆಗೆ ಏರಿಯ ಮೇಲೆ ತಣ್ಣನೆಯ ಗಾಳಿ. ಅವಳ ತಲೆ ಪೂರ್ತಿ ಬೆಳ್ಳಗಾಗಿದೆ, ಕಾಲಿಗೆ ಮೊಮ್ಮಗಳ ಶೂ. ಆಚೆ ಕಾಣುವ ಬೇವಿನ ಮರದವರೆಗೆ ಎಂದು ಮಾತಾಯಿತು. ಓಡಿದೆವು. ಮರದ ಹತ್ತಿರ ಬಂದಾಗ ನಾನು ನಾಲ್ಕು ಹೆಜ್ಜೆ ಮುಂದಿದ್ದೆ. ಜೀವನದಲ್ಲಿ ಮೊದಲ ಸಲ.

ಅವಳು ಕಲ್ಲಿನ ಮೇಲೆ ಕೂತು ನೀರನ್ನು ನೋಡುತ್ತಿದ್ದಳು. ನನಗೆ ಅನುಮಾನ ಬಂತು.

"ಬಿಟ್ಟುಕೊಟ್ಯಾ ರುದ್ರಕ್ಕ?"

"ನಾನ್ಯಾಕ್ ಬುಟ್ಕೊಡ್ಲಿ? ನೀನೇನ್ ನನ್ ಮಗ್ಳಾ?"

ನಿಜವಾಗಿಯೂ ಮುನಿಸಿಕೊಂಡಿದ್ದಳು. ಹಾಗಾದರೆ ಗೆಲುವು ನನ್ನದೇ ಎಂದು ನನಗೆ ತುಂಬ ಖುಷಿಯಾಯಿತು. ಕಲ್ಲಿನ ಮೇಲೆ ಅವಳ ಪಕ್ಕದಲ್ಲಿ ಕೂತು ಶೂ ಸಡಿಲಿಸಿಕೊಳ್ಳತೊಡಗಿದೆ.

"ಉಸ್ರು ಸರಿಯಾಯ್ತಾ?" ಎಂದಳು.

"ಇನ್ನೂ ಇಲ್ಲ" ಎಂದೆ.

"ಹಂಗಾರೆ ಈಗ್ಲೇ ವಾಪಸ್ ಓಡೋವ" ಎಂದು ಎದ್ದಳು. ನಾನು ಲೇಸು ಕಟ್ಟಿ ಮುಗಿಸುವಷ್ಟರಲ್ಲಿ ಹತ್ತು ಹೆಜ್ಜೆ ಮುಂದಿದ್ದಳು.