ಪೌಡರ್ ಡಬ್ಬಿ ಮತ್ತು ಕೊರಿಯಾದ ಬೇಕರಿ

ನಮ್ಮ ಮನೆಯ ಬಚ್ಚಲಲ್ಲಿದ್ದ ಪೌಡರ್ ಡಬ್ಬಿ ಕಾಣೆಯಾಯಿತು. ಇಂಥ ಸಣ್ಣ ವಿಷಯಕ್ಕೆ ಅಂಕಣವೇ ಎಂದು ನೀವು ಕೇಳಬಹುದು. ತಾಳಿ. ನನ್ನ ನಿದ್ದೆ ಕೆಡಲು ಅಷ್ಟು ಸಾಕು ಎಂಬುದು ಪ್ರತಿ ವಾರ ನನ್ನ ಚಿಂತೆಗಳನ್ನು ಸಹಿಸುವ ನಿಮಗೆ ಗೊತ್ತೇ ಇದೆ.

ನನ್ನ ಹೆಂಡತಿ ಶೈಲಾ ಪೌಡರ್ ಹಚ್ಚುವವಳಲ್ಲ. ನಾನು ಹಚ್ಚುತ್ತೇನೆ (ಬೇಸಿಗೆಯಲ್ಲಿ, ಬೆನ್ನಿಗೆ). ಮಗಳು ಹಾಸ್ಟೆಲ್ ಸೇರಿದ ಮೇಲೆ ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ನಾವಿಬ್ಬರೇ. ಹಾಗಾದರೆ ಡಬ್ಬಿ ಎಲ್ಲಿ ಹೋಯಿತು? ಕೊನೆಗೆ ಸಿಕ್ಕಿದ್ದು ಅವಳ ಕೈಚೀಲದಲ್ಲಿ. ಅರ್ಧ ಖಾಲಿ.

'ಇದೇನು?' ಎಂದೆ.

'ಸೆಖಿ ಭಾಳ ಅದ ಅಲ್ರೀ' ಎಂದಳು.

ಸೆಖೆ! ಬೆಳಿಗ್ಗೆ ಎದ್ದರೆ ಹಲ್ಲು ಕಟಕಟ ಎನ್ನುವ ಧಾರವಾಡದ ಈ ಥಂಡಿಯಲ್ಲಿ!

ಅನುಮಾನ ಎನ್ನುವುದು ಜೋಳದ ಚೀಲಕ್ಕೆ ಬಿದ್ದ ತೂತಿದ್ದಂತೆ. ಒಂದು ಕಾಳು ಉದುರಿದರೆ ಉಳಿದವು ತಾವಾಗಿಯೇ ದಾರಿ ಹುಡುಕಿಕೊಳ್ಳುತ್ತವೆ. ಶೈಲಾ ವಾರಕ್ಕೆರಡು ಮಧ್ಯಾಹ್ನ ಹುಬ್ಬಳ್ಳಿಗೆ ಹೋಗುತ್ತಿದ್ದಳು. ಕೇಳಿದರೆ 'ದುರ್ಗದಬೈಲ ಪ್ಯಾಟಿಗೆ ಹೋಗಿದ್ದೆ' ಎನ್ನುವಳು. ತಂದದ್ದು? ಏನೂ ಇಲ್ಲ. ದುರ್ಗದಬೈಲಿಗೆ ಹೋಗಿ ಬರಿಗೈಯಲ್ಲಿ ಬಂದವರನ್ನು ನೀವು ನೋಡಿದ್ದೀರಾ? ನಾನೇ ಒಮ್ಮೆ ದಾರಿ ಕೇಳಲು ಅಲ್ಲಿ ನಿಂತು ಎರಡು ಟವೆಲ್ ಕೊಂಡು ಬಂದಿದ್ದೇನೆ.

ಇದೆಲ್ಲದಕ್ಕೂ ಮೂಲ ಕೊರಿಯಾ ಎಂದು ನನಗೆ ಖಾತ್ರಿಯಾಗಿತ್ತು.

ಕೆಲವು ತಿಂಗಳಿಂದ ಸಂಜೆ ನಾನು ಆಫೀಸಿನಿಂದ ಬಂದು, ಚಹಾ ಮತ್ತು ಅವಲಕ್ಕಿ ಹಿಡಿದು ಕೂತ ಕೂಡಲೇ ಶೈಲಾ ಟಿ.ವಿ.ಯಲ್ಲಿ ಒಂದು ಕೊರಿಯನ್ ಧಾರಾವಾಹಿ ಹಾಕುತ್ತಾಳೆ. ರೊಮ್ಯಾಂಟಿಕ್ ಕಾಮಿಡಿಯಂತೆ. ಕಥೆ ಇಷ್ಟು: ಮದುವೆಯಾಗಿ ಬಹಳ ವರ್ಷವಾದ ಒಬ್ಬಾಕೆ, ಬೇಕರಿ ಇಡುವುದು ತನ್ನ ಕನಸು ಎಂದು ಗಂಡನನ್ನು ಬಿಟ್ಟು ಸಮುದ್ರದಂಡೆಯ ಊರಿಗೆ ಹೋಗುತ್ತಾಳೆ. ಗಂಡ ಹಿಂದೆಯೇ ಹೋಗಿ, ಅದೇ ಬೇಕರಿಯಲ್ಲಿ ಟ್ರೇ ತೊಳೆಯುತ್ತಾನೆ. ಜನ ನಗುತ್ತಾರೆ. ಇದರಲ್ಲಿ ಕಾಮಿಡಿ ಎಲ್ಲಿದೆ? ನನಗಂತೂ ಅದು ಹಾರರ್ ಆಗಿ ಕಂಡಿತು.

ಶೈಲಾ ಮಾತ್ರ ಕನ್ನಡಕವನ್ನೂ ಹಾಕದೆ, ಬೆಳ್ಳುಳ್ಳಿ ಸುಲಿಯುತ್ತಾ ಹಾಯಾಗಿ ಕೂತಿರುತ್ತಿದ್ದಳು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಒಂದೂ ಬಿಡದೆ ಓದುತ್ತಿದ್ದವನು ನಾನು. ಶತ್ರುವಿನ ಯೋಜನೆ ತಿಳಿದಿರಬೇಕಲ್ಲ?

ಆಫೀಸಿನಲ್ಲಿ ಹಿರೇಮಠರ ಎದುರು ಬಾಯಿಬಿಟ್ಟೆ. (ಮೂವತ್ತು ವರ್ಷದಿಂದ ಪಕ್ಕದ ಟೇಬಲ್. ಗಾಬರಿಯಲ್ಲಿ ನನಗಿಂತ ಸೀನಿಯರ್.)

'ಸರ, ಆ ಕೊರಿಯಾ ಮಂದೀನ್ನ ನಂಬಬ್ಯಾಡ್ರಿ' ಎಂದರು. 'ನಮ್ಮ ಮನ್ಯಾಗೂ ಟಿ.ವಿ.ಯೊಳಗ ಅದನ್ನ ಹಚ್ಚ್ಯಾರ. ಮೊನ್ನೆ ನಮ್ಮಾಕಿ, ನಿಮ್ಮ ಕನಸು ಏನ್ರೀ ಅಂತ ನನ್ನ ಕೇಳಿದ್ಲು. ರೊಟ್ಟಿ ಬಿಸಿ ಇರಬೇಕು ಅಂದೆ. ಅವತ್ತಿಂದ ಮಾತ ಬಿಟ್ಟಾಳ.'

'ಹುಬ್ಬಳ್ಳಿಗೆ ಹೋಗ್ತಾಳ್ರೀ. ಪೌಡರ್ ತಗೊಂಡು.'

ಹಿರೇಮಠರು ಚಹಾದ ಕಪ್ಪು ಕೆಳಗಿಟ್ಟರು. 'ಪೌಡರ್? ಹಂಗಾರ ಗಂಭೀರ ಐತಿ ಬಿಡ್ರಿ.'

ಐವತ್ತು ದಾಟಿದವನು ಹೆಂಡತಿಯ ಬಗ್ಗೆ ಏನೇನು ಯೋಚಿಸಬಹುದೋ ಅದನ್ನೆಲ್ಲ ಯೋಚಿಸಿದೆ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಎಲ್ಲದರ ತಳದಲ್ಲಿ ಇದ್ದದ್ದು ಒಂದೇ ಭಯ. ಇವಳು ಹೊರಟಿದ್ದಾಳೆ. ಎಲ್ಲಿಗೋ, ಯಾಕೋ ಗೊತ್ತಿಲ್ಲ. ಆದರೆ ಹೊರಟಿದ್ದಾಳೆ.

ನೇರವಾಗಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದರೆ ಹೇಳಿಬಿಟ್ಟಾಳು ಎಂಬುದೇ ನನ್ನ ಚಿಂತೆಯಾಗಿತ್ತು.

ಕಳೆದ ಭಾನುವಾರ ಹುಬ್ಬಳ್ಳಿಯಲ್ಲಿ ನೆಂಟರ ಪೈಕಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಹೊಸ ಜೋಡಿಗೆ ಒಡಪು ಹೇಳಿಸುತ್ತಿದ್ದರು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಗಂಡನ ಹೆಸರನ್ನು ಹೆಂಡತಿ, ಹೆಂಡತಿಯ ಹೆಸರನ್ನು ಗಂಡ ಪ್ರಾಸದಲ್ಲಿ ಕಟ್ಟಿ ಹೇಳಬೇಕು. ಹೇಳುವತನಕ ತುತ್ತು ಬಾಯಿಗೆ ಹೋಗಕೂಡದು. ಹುಡುಗ ಹುಡುಗಿ ಮೊಬೈಲ್ ನೋಡಿ ಓದಿದರು. ನನ್ನ ಸೋದರತ್ತೆ ಪದ್ದಕ್ಕನಿಗೆ ಸಿಟ್ಟು ಬಂತು.

'ಇದೇನು ಒಡಪೋ, ಪರೀಕ್ಷಾ ಕಾಪಿಯೋ? ಏ ಶೈಲಾ, ನೀ ಹೇಳ ನೋಡೋಣು. ಹಳೇ ಮಂದಿ ಹೆಂಗ ಹೇಳ್ತಾರ, ಇವರೂ ಕೇಳ್ಲಿ.'

ಶೈಲಾ ನಾಚಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಮೊದಲೇ ತಯಾರಾಗಿದ್ದವಳ ಹಾಗೆ.

'ಹುಬ್ಬಳ್ಳಿಗೆ ಹೋಗ್ತೇನಂದ್ರ ಹುಬ್ಬು ಗಂಟು ಹಾಕ್ತಾರ,
ತಬಲಾ ಕಲೀತೇನಂದ್ರ ತಲಿಗೆ ಕೈ ಹಚ್ಚತಾರ,
ಗುರುಗಳು ಪುಣೆಕ್ಕ ಬಾ ಅಂದಾರ, ಆರು ತಿಂಗಳು ಕಲಿಸ್ತಾರ,
ಹೂಂ ಅಂತಾರೋ ಉಹೂಂ ಅಂತಾರೋ ನಮ್ಮ ಗುರುರಾಜರು?'

ಪಂಕ್ತಿಯೆಲ್ಲ ಹೋ ಎಂದಿತು. ಬಡಿಸುವವನು ಸಾರಿನ ಬಕೆಟ್ ಹಿಡಿದು ನಿಂತೇಬಿಟ್ಟ.

ತಬಲಾ! ಬೆರಳು ಸರಾಗ ಜಾರಲೆಂದು ಕೈಗೆ ಪೌಡರ್! ಪರಾತದಲ್ಲಿ ಹಿಟ್ಟು ನಾದುವ ಮೊದಲು ಅವಳ ಬೆರಳು ಪರಾತದ ಅಂಚನ್ನು ಬಡಿಯುತ್ತಿದ್ದದ್ದು! ಇಷ್ಟು ದಿನ ಕಣ್ಣೆದುರೇ ಇತ್ತು. ನಾನು ಕೊರಿಯಾ ಕಡೆ ನೋಡುತ್ತಿದ್ದೆ.

'ಧಾರವಾಡದಾಗ ತಬಲಾ ಕಲಿಸವ್ರು ಇರಲಿಲ್ಲೇನು?' ಎಂದು, ಅವಳು ಮತ್ತೆ ಪಕ್ಕ ಕೂತ ಕೂಡಲೇ ಪಿಸುಗುಟ್ಟಿದೆ.

'ಮನಿಗೊಬ್ಬ ಸಂಗೀತಗಾರ ಇರೋ ಮಾಳಮಡ್ಡಿಯೊಳಗ ಬಾರಿಸಿದ್ರ, ತಾಳ ತಪ್ಪಿತು ಅಂತ ಆಚೀ ಓಣಿಯಿಂದ ಫೋನ್ ಬರ್ತಿತ್ತು. ಅದಕ್ಕಿಂತ ಮೊದಲ ನಿಮ್ಮ ಪ್ರಶ್ನಿ ಬರ್ತಿದ್ದವು. ಈ ವಯಸ್ಸಿನ್ಯಾಗ ಯಾಕ, ಕೈ ನೋವಾದ್ರ ಏನು, ಬಸ್ ತಪ್ಪಿದ್ರ ಏನು...'

ಎಲ್ಲವೂ ನಾನು ಕೇಳಬಹುದಾಗಿದ್ದ ಪ್ರಶ್ನೆಗಳೇ. ಅದೇ ಕ್ರಮದಲ್ಲಿ. ಈಗ ಇನ್ನೂ ದೊಡ್ಡವು ನಾಲಿಗೆಯ ತುದಿಗೆ ಬಂದಿದ್ದವು. ಆರು ತಿಂಗಳು ನಾನೊಬ್ಬನೇ? ಬಿ.ಪಿ. ಗುಳಿಗೆ ಎಲ್ಲಿಡುತ್ತಾಳೆ? ಅಲ್ಲಿಂದ ಅವಳು ವಾಪಸ್ ಬರಲೇ ಇಲ್ಲವೆಂದರೆ?

'ನೋಡೋಣ' ಎಂದೆ. ಮನೆಯಲ್ಲಾಗಿದ್ದರೆ ಆ ಒಂದು ಮಾತಿಗೆ ವಿಷಯ ವರ್ಷಗಟ್ಟಲೆ ಮಲಗಿರುತ್ತಿತ್ತು.

'ನೋಡೋಣ ಅಂತ ಒಡಪು ಇರೂದಿಲ್ಲೋ' ಎಂದಳು ಪದ್ದಕ್ಕ. 'ಹೆಸರು ಹಿಡದು ಹೇಳು. ಇಲ್ಲಂದ್ರ ಎಲಿ ಮುಂದ ಹಂಗ ಕೂಡು. ಹೋಳಗಿ ಆರಾಕತ್ತಾವ.'

ವಾರವಾರ ಎಂಟುನೂರು ಶಬ್ದ ಬರೆಯುವವನಿಗೆ ಎರಡು ಸಾಲು ಸಿಗಲಿಲ್ಲ. ಶೈಲಾಳ ಮುಖ ನೋಡಿದೆ. ನಗುತ್ತಿರಲಿಲ್ಲ. ಬಲಗೈ ಬೆರಳುಗಳು ಎಲೆಯ ಪಕ್ಕ ನಿಂತಿದ್ದವು. ತಾಳ ಹಾಕದೆ, ಕಾಯುತ್ತಾ. ಧಾರಾವಾಹಿಯ ಎದುರು ಎಷ್ಟೋ ಸಂಜೆ ಪಕ್ಕದಲ್ಲೇ ಕೂತಿದ್ದರೂ ಈ ಮುಖವನ್ನು ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

'ಮಾಳಮಡ್ಡಿ ಮನ್ಯಾಗ ಕುಕ್ಕರ್ ತಾನ ಕೂಗ್ತದ,' ಎಂದೆ. 'ಪುಣೆಕ್ಕ ಹೋಗಿ ಬರ್ಲಿ ನಮ್ಮ ಶೈಲಾ, ಹೆಂಗೋ ಸಾಗ್ತದ.'

'ಪ್ರಾಸ ಸುಮಾರದ' ಎಂದಳು ಪದ್ದಕ್ಕ. 'ಆದ್ರ ಹೂಂ ಅಂದ್ಯಲ್ಲ. ಇನ್ನ ಉಣ್ಣು.'

ಉಂಡೆ. ಹೋಳಿಗೆಯ ರುಚಿ ಮಾತ್ರ ನೆನಪಿಲ್ಲ.

ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ಶೈಲಾ ಮುಂದಿನ ಸೀಟಿನ ಕಂಬಿಯ ಮೇಲೆ ಮೆಲ್ಲಗೆ ಬೆರಳಾಡಿಸುತ್ತಾ ಕೂತಿದ್ದಳು, ಈಗ ಯಾರ ಭಯವೂ ಇಲ್ಲದೆ. ನನಗೆ ತಡೆಯಲಾಗಲಿಲ್ಲ.

'ಅಲ್ಲಾ, ಆ ಬೇಕರಿಯಾಕಿ ಕಡೀಕ ಗಂಡನ ಮನಿಗೆ ಹೊಳ್ಳಿ ಬರ್ತಾಳೋ ಇಲ್ಲೋ?'

'ನನಗೇನು ಗೊತ್ತ್ರೀ?' ಎಂದಳು ಕಿಟಕಿಯ ಕಡೆ ನೋಡುತ್ತಾ. 'ಕನ್ನಡಕ ಇಲ್ಲದ ನನಗ ಆ ಅಕ್ಷರ ಕಾಣ್ತಾವೇನು? ಓದವ್ರು ನೀವಲ್ಲಾ.'

ಹಾಗಾದರೆ ಓದುಗರೇ, ದಿನಾ ಸಂಜೆ ಸರಿಯಾಗಿ ನನ್ನ ಚಹಾದ ಹೊತ್ತಿಗೇ ಶುರುವಾಗುತ್ತಿದ್ದ ಆ ಧಾರಾವಾಹಿಯನ್ನು ಅವಳು ನೋಡುತ್ತಿದ್ದಳೋ, ನನಗೆ ತೋರಿಸುತ್ತಿದ್ದಳೋ?