ಬಾಗಿಯಕ್ಕನ ನೀಲಿ ಮಡಕೆ

ವಂಡ್ಸೆಯಿಂದ ಕೊಲ್ಲೂರಿಗೆ ಹೋಗುವ ರಸ್ತೆಯ ಬದಿಗೆ ಅಣ್ಣಯ್ಯನ ಚಾ ಅಂಗಡಿ. ನಾನು ವಂಡ್ಸೆಯ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಹನ್ನೊಂದು ವರ್ಷವೂ ನನ್ನ ಬೆಳಗಿನ ಚಾ ಅಲ್ಲಿಯೇ. ಚಾ ಮಾಡುತ್ತಿದ್ದವನು ಅಣ್ಣಯ್ಯ. ಆದರೆ ಯಾರಾದರೂ ದಾರಿ ಕೇಳಿದರೆ ಜನ ಹೇಳುತ್ತಿದ್ದದ್ದು, "ಕೈ ನೀಲಿ ಇಪ್ಪ ಹೆಂಗ್ಸಿನ ಅಂಗ್ಡಿ" ಎಂದು. ಆ ಹೆಂಗಸು ಅವನ ಹೆಂಡತಿ ಬಾಗಿ. ಎರಡೂ ಕೈ ಮಣಿಕಟ್ಟಿನವರೆಗೆ ತಿಳಿನೀಲಿ, ಉಗುರು ಮಾತ್ರ ಕಡುನೀಲಿ.

ಬಾಗಿ ಹುಟ್ಟಿದ್ದು ಉಪ್ಪುಂದದ ಕಡಲ ಬದಿಯ ಮೀನುಗಾರರ ಮನೆಯಲ್ಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಗಂಡನ ಹಿಂದೆ ಬೊಂಬಾಯಿಗೆ ಹೋದಳು. ಅಣ್ಣಯ್ಯ ಅಲ್ಲಿ ಒಂದು ಕ್ಯಾಂಟೀನಿನಲ್ಲಿ ಚಾ ಮಾಡುತ್ತಿದ್ದ. ಖೋಲಿಯಲ್ಲಿ ಒಬ್ಬಳೇ ಕೂತು ಬೇಸತ್ತ ಬಾಗಿ, ಮಜಗಾಂವಿನ ಒಂದು ಮನೆಗೆ ಕೆಲಸಕ್ಕೆ ಸೇರಿದಳು. ಅದು ಒಬ್ಬ ಚೀನೀ ಮುದುಕಿಯ ಮನೆ. ಮುದುಕಿ ಹಕ್ಕಾ ಜನದವಳು. ನಾವು ಹಕ್ಕಾ ಎಂದರೆ ಹೋಟೆಲಿನ ನೂಡಲ್ಸ್ ಅಂದುಕೊಳ್ಳುತ್ತೇವೆ. ನಿಜಕ್ಕೆ ಅದು ಚೀನಾದ ಒಂದು ಜನದ ಹೆಸರು. ಮರಾಠಿಯಲ್ಲಿ ಮಾವ್ಶಿ ಎಂದರೆ ಚಿಕ್ಕಮ್ಮ; ಬಾಗಿ ಅವಳನ್ನು ಮೋಯ್ ಮಾವ್ಶಿ ಎಂದು ಕರೆಯುತ್ತಿದ್ದಳು.

ಮಾವ್ಶಿ ವರ್ಷವಿಡೀ ತೊಡುತ್ತಿದ್ದದ್ದು ನೀಲಿ ಅಂಗಿ ಮಾತ್ರ. ಆ ಅಂಗಿಗಳಿಗೆ ಬಣ್ಣವನ್ನೂ ಅವಳೇ ಹಾಕುತ್ತಿದ್ದಳು. ಬಾಲ್ಕನಿಯ ಮೂಲೆಯಲ್ಲಿ ಒಂದು ದೊಡ್ಡ ಮಣ್ಣಿನ ಮಡಕೆ. ಅದರೊಳಗೆ ನೀಲಿ ಗಿಡದ ಹಿಟ್ಟು, ಸುಣ್ಣ, ಬೂದಿ ನೀರು, ಅಕ್ಕಿಯ ಹೆಂಡ. ಮೊದಲ ದಿನ ಬಾಗಿ ಅದರ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡು ಹೊರಗೋಡಿದಳಂತೆ. ಮೀನಿನ ಮನೆಯಲ್ಲಿ ಬೆಳೆದವಳು ವಾಸನೆಗೆ ಓಡಿದ್ದು ಅದೇ ಮೊದಲು. ಮಾವ್ಶಿ ನಕ್ಕು, ಒಂದು ಬಿಳಿ ಬಟ್ಟೆ ತಂದು ಮಡಕೆಗೆ ಅದ್ದಿ ಎತ್ತಿದಳು. ಬಟ್ಟೆ ಹಸುರಾಗಿತ್ತು. ಗಾಳಿಗೆ ಹಿಡಿದದ್ದೇ ಬಾಗಿಯ ಕಣ್ಣೆದುರೇ ಅಂಚಿನಿಂದ ನೀಲಿಯಾಗುತ್ತ ಬಂತು. ಆ ಹೊತ್ತಿಗೆ ಬಾಗಿಗೆ ವಾಸನೆ ಮರೆತೇ ಹೋಯಿತು.

ಹದಿನಾರು ವರ್ಷ ಅವಳು ಆ ಮನೆಯಲ್ಲಿ ಕೆಲಸ ಮಾಡಿದಳು, ಹದಿನೈದು ವರ್ಷ ಆ ಮಡಕೆಯನ್ನೂ ನೋಡಿಕೊಂಡಳು. ಮಡಕೆಯೊಳಗೆ ಇರುವುದು ಬಣ್ಣವಲ್ಲ, ಜೀವ ಎನ್ನುತ್ತಿದ್ದಳು ಮಾವ್ಶಿ. ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಬಾಗಿ ನಮಗೆ ತನ್ನ ಮಾತಿನಲ್ಲಿ ಹೇಳುತ್ತಿದ್ದಳು: "ಬಾಣಂತಿನ್ ಕಂಡಂಗೆ ಕಾಣ್ಕ್. ಬೆಚ್ಚಗೆ ಇಡ್ಕ್, ಸಿಹಿ ಕೊಡ್ಕ್, ಸುಮ್ನೆ ಹೋಯಿ ಉಪದ್ರ ಮಾಡುಕಾಗ."

ಮಾವ್ಶಿ ಕಡೆಗೆ ಕಲ್ಕತ್ತೆಯ ಮಗಳ ಮನೆಗೆ ಹೋದಳು. ಅಣ್ಣಯ್ಯನ ಕ್ಯಾಂಟೀನೂ ಮುಚ್ಚಿತು. ೧೯೯೭ರಲ್ಲಿ ಗಂಡಹೆಂಡಿರು ಊರಿಗೆ ಬಂದು ವಂಡ್ಸೆಯಲ್ಲಿ ಚಾ ಅಂಗಡಿ ಇಟ್ಟರು.

ಬಂದ ವಾರದಲ್ಲೇ ಬಾಗಿ ಅಂಗಡಿಯ ಹಿಂದಿನ ಹಂಚಿನ ಮಾಡಿನಡಿ ಮಡಕೆ ಇಟ್ಟಳು. ತಲೆಗೆ ಹಾಕುವ ಎಣ್ಣೆಯಲ್ಲಿ ಕುದಿಸುತ್ತಾರಲ್ಲ, ಆ ನೀಲಿ ಸೊಪ್ಪು ಬೇಲಿಬದಿಯಲ್ಲಿ ಸಿಕ್ಕಿತು. ಬೀಜ ತಂದು ಹಿತ್ತಿಲಲ್ಲೂ ಹಾಕಿದಳು. ಅಕ್ಕಿಯ ಹೆಂಡ ಎಲ್ಲಿಂದ ತರುವುದು? ತೆಂಗಿನ ಕಳ್ಳು ಹೊಯ್ದಳು. ಮೊದಲ ಎರಡು ಮಡಕೆ ಬರೀ ಕೊಳೆತು ನಾರಿದವು. ಮೂರನೆಯದಕ್ಕೆ ಪೇಟೆಯ ಸುಣ್ಣ ಬಿಟ್ಟು, ಗಂಗೊಳ್ಳಿಯಿಂದ ಚಿಪ್ಪು ಸುಟ್ಟು ಮಾಡಿದ ಸುಣ್ಣ ತರಿಸಿದಳು. ಒಂಬತ್ತನೆಯ ದಿನ ಮಡಕೆಯ ಮೇಲೆ ನವಿಲುಗರಿಯಂಥ ನೊರೆ ಎದ್ದಿತು. ಬಾಗಿ ಆ ಖುಷಿಗೆ ಅಂಗಡಿಯಲ್ಲಿದ್ದ ಗಿರಾಕಿಗಳನ್ನೆಲ್ಲ ಹಿಂದಕ್ಕೆ ಕರೆದು ತೋರಿಸಿದಳು. ಅವರು ಇಣುಕಿ ನೋಡಿ, ಮೂಗು ಮುಚ್ಚಿಕೊಂಡು ತಮ್ಮ ಚಾದ ಹತ್ತಿರ ವಾಪಸು ಬಂದರು.

ಊರಿಗೆ ಇದು ಅರ್ಥವಾದದ್ದು ಬಾಗಿಯ ಅಣ್ಣ ಮುತ್ತನ ಮಗಳು ದಿವ್ಯಾಳ ನಿಶ್ಚಿತಾರ್ಥದಲ್ಲಿ. ಉಪ್ಪುಂದದ ಮನೆಯಲ್ಲಿ ಬಾಗಿ ಎಲೆಗೆ ಅನ್ನ ಬಡಿಸುತ್ತ ಬರುತ್ತಿದ್ದಳು. ಗಂಡಿನ ಕಡೆಯ ದೊಡ್ಡಮ್ಮ ಅಮ್ಮಣ್ಣಿ ಎಲೆಯ ಮೇಲೆ ಕೈ ಅಡ್ಡ ಹಿಡಿದಳು.

"ಹ್ವಾಯ್, ನಿಮ್ ಕೈಗೆ ಎಂತ ಆಯ್ತ್? ರೋಗವಾ?"

ಮುತ್ತ ಚಪ್ಪರದ ಕಂಬದ ಹಿಂದೆ ಸರಿದ. ಬಾಗಿ ಅನ್ನದ ಪಾತ್ರೆ ಕೆಳಗಿಟ್ಟಳು.

"ರೋಗ ಅಲ್ಲ ಮಾರಾಯ್ರೆ, ಬಣ್ಣ. ಉಂಡ್ ಏಳಿ, ಎಂತದ್ ಅಂದೇಳಿ ತೋರಿಸ್ತೆ."

ಊಟವಾದ ಮೇಲೆ ಅವಳು ದಿವ್ಯಾಳಿಗೆಂದು ತಂದ ಸೀರೆಯನ್ನು ಬಿಡಿಸಿದಳು. ಕಡುನೀಲಿ ಸೀರೆಯ ತುಂಬ ಬಿಳಿ ಉಂಗುರಗಳು. ಬಟ್ಟೆಯಲ್ಲಿ ಕಡಲ ಚಿಪ್ಪು ಕಟ್ಟಿ ಅದ್ದಿ ಮೂಡಿಸಿದ್ದು. ಹುಡುಗಿ ಅದನ್ನು ಹೆಗಲಿಗೆ ಹಾಕಿಕೊಂಡಾಗ ಹೆಂಗಸರೆಲ್ಲ ಸುತ್ತ ಸೇರಿದರು. ಅಮ್ಮಣ್ಣಿ ಸೆರಗನ್ನು ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬಾಗಿಯ ಕಿವಿಯ ಹತ್ತಿರ ಬಂದಳು.

"ನಂಗೂ ಒಂದ್ ಆತಿತ್ತಾ?"

"ಆತ್. ಆದ್ರೆ ಕೈ ಅದ್ದುದ್ ನೀವೇ. ವಂಡ್ಸೆಗ್ ಬನಿ."

ಅಮ್ಮಣ್ಣಿ ಬಂದೇ ಬಂದಳು. ಮೂರು ದಿನ ಉಳಿದು, ತನ್ನ ಸೀರೆಗೆ ತಾನೇ ಬಣ್ಣ ಹಾಕಿಕೊಂಡು, ನೀಲಿ ಕೈ ಎಲ್ಲರಿಗೂ ತೋರಿಸುತ್ತ ಬಸ್ಸು ಹತ್ತಿದಳು.

೨೦೦೩ರಲ್ಲಿ ಅಣ್ಣಯ್ಯ ಅಂಗಡಿಗೆ ಹೊಸ ಬೋರ್ಡು ಬರೆಸಿದ. ಹೆಂಡತಿಯ ಹೆಸರೂ ಬೆಳಗಲಿ ಎಂದು ಅಡಿಯಲ್ಲಿ "ಹಕ್ಕಾ ನೀಲಿ ಇದೆ" ಎಂದು ಸೇರಿಸಿದ. ನಾಲ್ಕೇ ದಿನದಲ್ಲಿ ಕೊಲ್ಲೂರಿನಿಂದ ಬರುತ್ತಿದ್ದ ಜೀಪೊಂದು ಗಕ್ಕನೆ ನಿಂತಿತು. ಹಾಸನದ ಕಡೆಯ ಒಂಬತ್ತು ಜನ ಇಳಿದು ಬೆಂಚಿನಲ್ಲಿ ಸಾಲಾಗಿ ಕೂತರು.

"ಒಂಬತ್ತು ಪ್ಲೇಟ್ ಹಕ್ಕಾ ಕೊಡಿ."

ನಾನು ಅಲ್ಲೇ ಚಾ ಕುಡಿಯುತ್ತಿದ್ದೆ. ಅಣ್ಣಯ್ಯ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ನೂಡಲ್ಸ್ ಇಲ್ಲವೆಂದು ತಿಳಿದು ಆ ಮನೆಯ ಚಿಕ್ಕ ಮಗು ಅಳು ತೆಗೆಯಿತು. ಬಾಗಿ ಒಳಗಿಂದ ಬಂದವಳು ಎಲ್ಲರಿಗೂ ಬೆಲ್ಲದ ಅವಲಕ್ಕಿ ಕೊಟ್ಟಳು, ಮಗುವಿನ ಕರವಸ್ತ್ರ ಇಸಿದುಕೊಂಡಳು.

"ಇದ್ ಯಾವ್ ಬಣ್ಣ ಮಗಾ?"

"ಬಿಳಿ."

"ಈಗ ಕಾಣ್."

ಕರವಸ್ತ್ರ ಮಡಕೆಗೆ ಹೋಯಿತು, ಹಸುರಾಗಿ ಬಂತು, ಮಗುವಿನ ಕೈಯಲ್ಲೇ ನೀಲಿಯಾಯಿತು. ಮಗು ಬಾಯಿ ತೆರೆದದ್ದು ಮುಚ್ಚಲಿಲ್ಲ. ಆಮೇಲೆ ಅದರ ಅಪ್ಪ ಹೆಗಲ ಮೇಲಿನ ಟವೆಲನ್ನು ತಾನೇ ಕೊಟ್ಟ, ಅಜ್ಜಿ ಶಾಲು ಕೊಟ್ಟಳು. ನೂಡಲ್ಸಿಗೆಂದು ನಿಂತ ಜೀಪು ಮಧ್ಯಾಹ್ನ ಹೊರಟಿತು. ಜೀಪಿನ ಡ್ರೈವರನಿಂದ ಸುದ್ದಿ ಉಳಿದ ಡ್ರೈವರುಗಳಿಗೆ ಹೋಯಿತು. ಅಲ್ಲಿಂದ ವಾರಕ್ಕೆ ಒಂದೆರಡು ಗಾಡಿಯಾದರೂ ಬಣ್ಣ ನೋಡಲೆಂದೇ ನಿಲ್ಲತೊಡಗಿತು.

ಇದನ್ನು ಕೇಳಿ ಬ್ರಹ್ಮಾವರದ ರವಿಚಂದ್ರ ಬಂದ. ಅವನು ಸೌಪರ್ಣಿಕಾ ಹೊಳೆಯ ದಡದಲ್ಲಿ ಹೋಂಸ್ಟೇ ನಡೆಸುತ್ತಿದ್ದ. ಪೇಟೆಯವರನ್ನು ಕರೆದುಕೊಂಡು ಬಂದರೆ ಇಡೀ ದಿನ ಕಲಿಸುತ್ತೀರಾ ಎಂದು ಕೇಳಿದ. ಬಾಗಿ ಒಪ್ಪಿದಳು. ೨೦೦೮ರ ಡಿಸೆಂಬರಿನ ಒಂದು ಶನಿವಾರ ಮೈಸೂರಿನ ಹನ್ನೆರಡು ಜನ ಬರುವುದೆಂದು ಗೊತ್ತಾಯಿತು. ಮೂರು ದಿನದ ರಜೆಯ ಪ್ರವಾಸ.

ಶುಕ್ರವಾರ ಬಾಗಿ ಸುಣ್ಣ ತರಲು ಗಂಗೊಳ್ಳಿಗೆ ಹೋಗಿದ್ದಳು. ಅಣ್ಣಯ್ಯನಿಗೆ ಒಂದು ಚಿಂತೆ ಹೊಕ್ಕಿತು: ದೊಡ್ಡ ದೊಡ್ಡ ಜನ ಬರುತ್ತಾರೆ, ಈ ವಾಸನೆ ಹೇಗೆ ತಡೆದಾರು? ಮುಚ್ಚಳ ತೆಗೆದಿಟ್ಟ. ಎರಡು ಊದುಬತ್ತಿ ಹಚ್ಚಿದ. ಅಷ್ಟಕ್ಕೆ ಬಿಡದೆ, ವಾಸನೆ ಹಾರಿ ಹೋಗಲಿ ಎಂದು ದೊಡ್ಡ ಚೊಂಬಿನಲ್ಲಿ ಮಡಕೆಯ ನೀರನ್ನು ಎತ್ತಿ ಎತ್ತಿ ಹೊಯ್ದ, ಚಾವನ್ನು ಮೇಲೆ ಕೆಳಗೆ ಹೊಯ್ಯುವ ಹಾಗೆ. ಬಾಗಿ ಬರುವ ಮೊದಲು ಮತ್ತೆ ಮುಚ್ಚಳ ಮುಚ್ಚಿದ. ಆ ಮಡಕೆಗೆ ಆಗದೆ ಇರುವುದು ಒಂದೇ, ಗಾಳಿ.

ಶನಿವಾರ ಬೆಳಿಗ್ಗೆ ಬಾಗಿ ಮುಚ್ಚಳ ತೆಗೆದಾಗ ನೊರೆ ಇರಲಿಲ್ಲ. ಹಸುರು ಹಳದಿ ಇರಬೇಕಾದ ನೀರು ಮಂಕು ನೀಲಿಯಾಗಿತ್ತು. ಬಟ್ಟೆಯ ತುಂಡು ಅದ್ದಿ ತೊಳೆದಳು. ಬಣ್ಣವೆಲ್ಲ ನೀರಿನ ಜೊತೆ ಹೋಯಿತು.

"ಇದಕ್ ಎಂತ ಮಾಡಿದ್ರಿ?"

ಅಣ್ಣಯ್ಯ ಸುಳ್ಳು ಹೇಳಲಿಲ್ಲ. ಕೇಳಿ ಬಾಗಿ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಅವಳ ಕಣ್ಣಲ್ಲಿ ನೀರು ಕಂಡದ್ದು ನನಗೆ ಆ ಒಂದು ದಿನ ಮಾತ್ರ. ಅಣ್ಣಯ್ಯ ಅಳುಕುತ್ತ ಒಂದು ಉಪಾಯ ಹೇಳಿದ: "ಬಿಳಿ ಬಟ್ಟೆಗ್ ಹಾಕುವ ಅಂಗ್ಡಿ ನೀಲಿ ಇತ್ತಲೆ ಮಾರಾಯ್ತಿ, ಎರಡ್ ಬಾಟ್ಲಿ ಹೊಯ್ವ. ಅವ್ರಿಗ್ ಎಂತ ಗೊತ್ತಾತ್?"

"ನಂಗ್ ಗೊತ್ತಾತಲೆ," ಎಂದಳು ಬಾಗಿ.

ಹತ್ತು ಗಂಟೆಗೆ ವ್ಯಾನು ಬಂತು. ಬಾಗಿ ಸೆರಗಿನಿಂದ ಮುಖ ಒರೆಸಿಕೊಂಡು ಎದುರು ಹೋದಳು.

"ಬನಿ, ಕೂಕಣಿ. ಒಂದ್ ವಿಷ್ಯ ಮೊದ್ಲೇ ಹೇಳ್ತೆ. ಮಡಕೆ ಸತ್ತಂಗೆ ಆಯ್ತ್. ಇವತ್ ಬಣ್ಣ ಬತ್ತಿಲ್ಲ."

ರವಿಚಂದ್ರ ಹಣೆ ಒತ್ತಿಕೊಂಡ. ಗುಂಪಿನಲ್ಲಿದ್ದ ಸೌಮ್ಯಶ್ರೀ ಎಂಬ ಕಾಲೇಜಿನ ಮೇಡಂ ಮಾತ್ರ ಕೇಳಿದಳು, "ಸತ್ತ ಹಾಗೆ ಅಂದ್ರೆ? ಪೂರ್ತಿ ಸತ್ತಿಲ್ವಾ?"

"ನಾಡಿ ಇತ್ತ್ ಅಂತ ಕಾಣ್ತ್. ಆರೈಕೆ ಮಾಡ್ರೆ ಎದ್ರೂ ಎದ್ದೀತ್."

"ಹಾಗಾದ್ರೆ ಆರೈಕೆ ಮಾಡೋಣ. ನಾವಿಲ್ಲಿ ಮೂರು ದಿನ ಇದೀವಿ."

ಆಮೇಲೆ ನಡೆದದ್ದನ್ನು ನೋಡಲು ನಾನು ಊಟದ ಬಿಡುವಿನಲ್ಲೂ ಓಡಿ ಬಂದೆ. ಇಬ್ಬರು ತೆಂಗಿನ ಮಡಲು ಸುಟ್ಟು ಬೂದಿ ಮಾಡುತ್ತಿದ್ದರು. ಒಬ್ಬ ಬ್ಯಾಂಕ್ ಮ್ಯಾನೇಜರು ಬೆಲ್ಲ ಕುಟ್ಟುತ್ತಿದ್ದ. ಸೌಮ್ಯಶ್ರೀ ಮತ್ತೆ ನಾಲ್ವರು ನೆನೆಹಾಕಿದ ನೀಲಿ ಸೊಪ್ಪಿನ ನೀರಿಗೆ ಸುಣ್ಣ ಹಾಕಿ, ಅದು ನೀಲಿ ನೊರೆ ಕಕ್ಕುವವರೆಗೆ ಬಡಿಯುತ್ತಿದ್ದರು; ಮುಂದಿನ ಮಡಕೆಗೆ ಬೇಕಾದ ಹಿಟ್ಟು ಹಾಗೆ ತಯಾರಾಗುತ್ತಿತ್ತು. ಅಣ್ಣಯ್ಯ ಪಾಪಪರಿಹಾರಕ್ಕೆಂಬಂತೆ ಕಳ್ಳು ತರಲು ಸೈಕಲ್ ಹತ್ತಿದ್ದ. ಮಡಕೆಗೆ ಬೆಲ್ಲ, ತೌಡು, ಕಳ್ಳು ಹೊಯ್ದು, ಗೋಣಿ ಸುತ್ತಿ, ಬೈಹುಲ್ಲಿನ ನಡುವೆ ಬೆಚ್ಚಗೆ ಕೂರಿಸಿದರು. ಬಾಗಿ ಎಲ್ಲರನ್ನೂ ಬೈಯುತ್ತ, ನಗಿಸುತ್ತ, ಮಡಕೆಯ ಹತ್ತಿರ ಯಾರೂ ಜೋರಾಗಿ ಮಾತಾಡಬಾರದೆಂದು ಕಾನೂನು ಮಾಡಿದಳು. ಆ ಕಾನೂನು ನಿಜವೋ ತಮಾಷೆಯೋ ಅವರಿಗೆ ತಿಳಿಯದೆ, ಪಾಪ, ಎರಡು ದಿನ ಪಿಸುಗುಟ್ಟಿದರು.

ಭಾನುವಾರ ಏನೂ ಆಗಲಿಲ್ಲ. ಸೋಮವಾರ ಬೆಳಿಗ್ಗೆ ವ್ಯಾನು ಬರುವ ಮೊದಲೇ ಬಾಗಿ ಮುಚ್ಚಳ ಸರಿಸಿದಳು. ನಡುವಿನಲ್ಲಿ ಒಂದು ಮುಷ್ಟಿಯಷ್ಟು ನೊರೆ, ಅದರ ಸುತ್ತ ತಾಮ್ರದ ಹೊಳಪು. ಅವಳು ಯಾರಿಗೂ ಹೇಳದೆ ಮತ್ತೆ ಮುಚ್ಚಿದಳು. ಎಲ್ಲರೂ ಬಂದ ಮೇಲೆ ಸೌಮ್ಯಶ್ರೀಯ ಕೈಗೆ ಬಿಳಿ ಬಟ್ಟೆ ಕೊಟ್ಟಳು.

"ಅದ್ದಿ. ಮೆಲ್ಲ."

ಬಟ್ಟೆ ಹಸುರಾಗಿ ಬಂತು. ಹನ್ನೆರಡು ಜನ ಉಸಿರು ಹಿಡಿದು ನಿಂತರು. ಅಂಚು ನೀಲಿಯಾದದ್ದೇ ತಡ, ಬ್ಯಾಂಕ್ ಮ್ಯಾನೇಜರು ಹಾಕಿದ ಕೂಗಿಗೆ ರಸ್ತೆಯಲ್ಲಿ ಬಸ್ಸು ನಿಧಾನ ಮಾಡಿತು. ಅಣ್ಣಯ್ಯ ಎಲ್ಲರಿಗೂ ಎರಡೆರಡು ಸಲ ಚಾ ಕೊಟ್ಟ.

ಬಂದ ದಿನವೇ ಬಣ್ಣ ಬಂದಿದ್ದರೆ ಅವರು ಒಂದು ಟವೆಲು ಅದ್ದಿಕೊಂಡು ಹೋಗುತ್ತಿದ್ದರು. ಅದನ್ನು ಮೊದಲು ಅರಿತವನು ರವಿಚಂದ್ರ. ಮುಂದಿನ ವರ್ಷದಿಂದ ಬರುವವರೆಲ್ಲ ಸೊಪ್ಪು ಕೊಯ್ಯುವುದರಿಂದ ಶುರುಮಾಡಿ, ಮೂರು ದಿನ ಮಡಕೆಯ ಚಾಕರಿ ಮಾಡಿಯೇ ಬಣ್ಣ ಕಾಣಬೇಕೆಂದು ಗೊತ್ತುಮಾಡಿದರು. ಬಾಗಿಯೊಬ್ಬಳೇ ಸಾಲದಾಗಿ ಊರಿನ ಪದ್ದು, ಸೀತು, ಸುಂದರಿ ಮೂವರು ಸೇರಿಕೊಂಡರು. ಮಾಡಿನಡಿ ಒಂದು ಮಡಕೆ ಹೋಗಿ ಐದಾಯಿತು. ಕಲಿಯಲು ಬಂದವರಿಗೆಲ್ಲ ಬಾಗಿ ಮೊದಲು ಹೇಳುತ್ತಿದ್ದದ್ದು ಮೋಯ್ ಮಾವ್ಶಿಯ ಹೆಸರು. "ಇದ್ ನಮ್ಮೂರ್ದ್ ಅಲ್ಲ. ಅವ್ಳ್ ಕೊಟ್ಟದ್. ಸುಣ್ಣ, ಕಳ್ಳ್ ಮಾತ್ರ ನಮ್ದ್."

೨೦೧೪ರಲ್ಲಿ ಶಂಕರನಾರಾಯಣದ ಕಡೆಯ ಒಂದು ಶಾಲೆಯವರು ಮಕ್ಕಳಿಗೆ ತೋರಿಸಲು ಕರೆದರು. ಬಾಗಿ ಸಣ್ಣ ಮಡಕೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಹೋದಳು. ಅಷ್ಟು ಹೊತ್ತಿಗೆ ನನಗೆ ನಿವೃತ್ತಿಯಾಗಿತ್ತು, ನಾನೂ ಜೊತೆಗೆ ಹೋದೆ. ಮಕ್ಕಳು ಶಿಸ್ತಾಗಿ ಸಾಲು ನಿಂತು ಕರವಸ್ತ್ರ ಅದ್ದಿದರು. ಹೆಡ್ಮಾಸ್ಟರು ಮಾತ್ರ ಒಳಗೆ ಏನಿದೆಯೆಂದು ತೀರ ಬಗ್ಗಿ ನೋಡಿ, ಇಸ್ತ್ರಿಯ ಬಿಳಿ ಪಂಚೆಯ ಒಂದು ಬದಿಯನ್ನು ಮೊಣಕಾಲಿನವರೆಗೆ ಮಡಕೆಗೆ ಬಿಟ್ಟುಬಿಟ್ಟರು. ಎಳೆದುಕೊಂಡಾಗ ಹಸುರು; ನೋಡನೋಡುತ್ತ ನೀಲಿ. ಮಕ್ಕಳು ನಗಬೇಕೋ ಬಾರದೋ ಎಂದು ಅವರ ಮುಖ ನೋಡಿದರು. ಅವರೇ ಮೊದಲು ನಕ್ಕರು.

ಮರುವಾರ ಅದೇ ಪಂಚೆ ಉಟ್ಟುಕೊಂಡು ಅವರು ವಂಡ್ಸೆಯಲ್ಲಿ ಬಸ್ಸಿಳಿದರು.

"ಬಾಗಿಯಕ್ಕಾ, ಇದ್ರ ಇನ್ನೊಂದ್ ಬದಿಯೂ ಅದ್ದಿ ಕೊಡಿ."

ಬಾಗಿಯಕ್ಕ ಅವರಿಗೆ ಅಣ್ಣಯ್ಯನ ಒಂದು ಲುಂಗಿ ಕೊಟ್ಟು ಬೆಂಚಿನಲ್ಲಿ ಕೂರಿಸಿ, ಪಂಚೆ ತೆಗೆದುಕೊಂಡು ಹಿಂದಕ್ಕೆ ಹೋದಳು.